ಮಾವನಿಗೆ ಬೇಕಾದ ದೆವ್ವ

ದೆವ್ವ ಬಿಡಿಸಿಕೊಳ್ಳಲು ಒದ್ದಾಡುವವರನ್ನು ನೀವು ನೋಡಿರುತ್ತೀರಿ. ಹಿಡಿಸಿಕೊಳ್ಳಲು ಒದ್ದಾಡಿದವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ನಮ್ಮ ಸೋದರಮಾವ! ಅದೂ ಸಿಕ್ಕಸಿಕ್ಕ ದೆವ್ವವಲ್ಲ, ಅವರಿಗೆ ಬೇಕಾಗಿದ್ದದ್ದು ಒಂದೇ ಒಂದು ದೆವ್ವ.

ಎಪ್ಪತ್ತರ ದಶಕದ ಮಾತು. ತಿಪಟೂರಿನಾಚೆ ತೆಂಗಿನ ತೋಟದ ಮನೆಯಲ್ಲಿ ಮಾವ ಮತ್ತು ಅವರ ಗೆಳೆಯ, ಮೀಸೆ ಚಿಗುರಿದಾಗಿನಿಂದ ನರೆಯುವವರೆಗೆ ಒಟ್ಟಿಗೇ ಇದ್ದರು. ಗೆಳೆಯ ಮರ ಹತ್ತಿ ಕಾಯಿ ಕೆಡವುವುದು, ಮಾವ ಸುಲಿಯುವುದು. ಮಾವ ಮುದ್ದೆ ತಿರುವುವುದು, ಗೆಳೆಯ ಸಾರಿಗೆ ಉಪ್ಪು ಸುರಿದು ಬೈಸಿಕೊಳ್ಳುವುದು. ಗಂಡ ಹೆಂಡತಿಯ ಹಾಗೇ ಬಾಳಿದರು. ಊರಿಗೆಲ್ಲ ಗೊತ್ತಿತ್ತು, ಬಾಯಿಬಿಟ್ಟು ಆಡಿದವರಿಲ್ಲ. ಮಾವನಿಗೆ ಹೆಣ್ಣು ಗೊತ್ತು ಮಾಡಲು ಬಂದವರು ಮಾತ್ರ ಎಳನೀರು ಕುಡಿದು ಬಂದ ದಾರಿಯಲ್ಲೇ ಹೋಗುತ್ತಿದ್ದರು!

ಒಂದು ದಿನ ಗೆಳೆಯ ಮರದಿಂದ ಬಿದ್ದು ತೀರಿಕೊಂಡರು. ಕಂದಿಕೆರೆಯಿಂದ ಅವರ ಅಣ್ಣತಮ್ಮಂದಿರು ಬಂದು ಹೆಣ ಸಾಗಿಸಿದರು. ಹೆಗಲು ಕೊಡಲು ಹೋದ ಮಾವನಿಗೆ, "ನೀವು ಬುಡಿ, ನಾವಿದೀವಿ" ಎಂದರು. ಅಷ್ಟೇ. ಮಾವನಿಗೆ ಸೂತಕವಿಲ್ಲ, ತಿಥಿಯಿಲ್ಲ. ಅಳೋಣವೆಂದರೆ ಯಾವ ನೆಂಟಸ್ತಿಕೆಯ ಮೇಲೆ ಅಳುವುದು?

ಆಗ ಹುಟ್ಟಿತು ನೋಡಿ ಈ ಹುಚ್ಚು: ದೆವ್ವವಾಗಿಯಾದರೂ ಬರಲಿ ಎಂದು.

ಕರಿದ ತಿಂಡಿ ಒಯ್ಯುವಾಗ ದೆವ್ವ ಹಿಂದೆ ಬೀಳದಿರಲೆಂದು ನಮ್ಮ ಹೆಂಗಸರು ಬುಟ್ಟಿಯಲ್ಲೊಂದು ಇದ್ದಿಲ ಚೂರು ಇಡುತ್ತಾರಲ್ಲ, ಮಾವ ಅದನ್ನು ಕಿತ್ತೆಸೆದು, ವಡೆಯ ಬುಟ್ಟಿ ಹೊತ್ತು, ಮಟಮಟ ಮಧ್ಯಾಹ್ನ ಹುಣಸೆಮರ ಸುತ್ತಿದರು. ಹಿಂದೆ ಬಿದ್ದವು, ಊರ ನಾಯಿಗಳೆಲ್ಲ! ವಡೆಯೂ ಹೋಯಿತು, ಪಂಚೆಯೂ ಹರಿಯಿತು.

ಆಮೇಲೆ, ಆಗಷ್ಟೇ ಮೇಷ್ಟರಾಗಿದ್ದ ನನ್ನನ್ನೂ ಎಳೆದುಕೊಂಡು ಹಾಲ್ಕುರಿಕೆ ಕಡೆಯ ಮಂತ್ರವಾದಿಯ ಹತ್ತಿರ ಹೋದರು.

"ಯಾರ್ಗಪ್ಪ ದೆವ್ವ ಬುಡುಸ್ಬೇಕು?"

"ಬುಡ್ಸೋದಲ್ಲ ಸ್ವಾಮಿ, ಹಿಡುಸ್ಬೇಕು. ನಂಗೇ. ಮರದಿಂದ ಬಿದ್ದು ಸತ್ತೋನ್ದು."

ಮಂತ್ರವಾದಿಯ ಕೈಯ ಬೇವಿನ ಸೊಪ್ಪು ಕೆಳಗೆ ಬಿತ್ತು. "ತಲೆ ನೆಟ್ಟಗೈತಾ ನಿಂಗೆ? ಓಗ್ಲಿ, ಸತ್ತೋನು ನಿಂಗೇನಾಗ್ಬೇಕು?"

ಸಂತೆಯಲ್ಲಿ ಕೊಬ್ಬರಿ ದಲ್ಲಾಳಿಗಳ ಬಾಯಿ ಮುಚ್ಚಿಸುತ್ತಿದ್ದ ಮಾವ ಕೆಳಗೆ ಬಿದ್ದ ಬೇವಿನ ಸೊಪ್ಪನ್ನು ಎತ್ತಿಕೊಂಡು ಎಲೆ ಎಣಿಸತೊಡಗಿದರು.

"ಏನೂ ಆಗ್ದೋರು ಕರುದ್ರೆ ದೆವ್ವಾನೂ ಬರಾಕಿಲ್ಲ ಕಣಪ್ಪ" ಎಂದು ಅವನು ಎದ್ದುಬಿಟ್ಟ.

ವಾಪಸ್ಸು ಬರುವಾಗ ಬಸ್ಸಿನ ಕಿಟಕಿಗೆ ಮುಖ ಕೊಟ್ಟು ಮಾವ ಹೇಳಿದರು: "ತಿಪಟೂರ್ ಸಂತೆಗೋದ್ರೂ ಕತ್ಲಾಗೋದ್ರೊಳ್ಗೆ ಬಂದ್ಬುಡೋನು ಕಣ್ಲಾ. ಈಗೇನ್ ಬಂದೈತೆ ಅವ್ನಿಗೆ?"

ನಗಬೇಕೆಂದುಕೊಂಡೆ. ಆಗಲಿಲ್ಲ. ಆಮೇಲೆ ಮಾವ ಊಟ ಬಿಟ್ಟರು, ಕಾಯಿ ಸುಲಿಯುವುದು ಬಿಟ್ಟರು. ಹೀಗೇ ಬಿಟ್ಟರೆ ಇವರೂ ಉಳಿಯುವುದಿಲ್ಲವೆಂದು ನಮಗೆಲ್ಲ ಗೊತ್ತಾಗಿ, ಅಜ್ಜಿ ಅವರನ್ನು ಊರ ಮನೆಗೆ ಕರೆಸಿಕೊಂಡಳು.

ಹಿರಿಯರ ಹಬ್ಬ ಬಂತು. ಸತ್ತವರಿಗೆ ಎಡೆ ಇಟ್ಟು, ಅವರು ಬಂದು ಉಣ್ಣಲೆಂದು ಬಾಗಿಲು ಹಾಕಿ, ನಾವೆಲ್ಲ ಹೊರಗೆ ಕೂರುವುದು ಪದ್ಧತಿ. ಮನೆಯವರಿಗೆ ಮಾತ್ರ ಎಡೆ. ಅಜ್ಜಿ ತಾತನ ಎಲೆಯ ಪಕ್ಕ ಇನ್ನೊಂದು ಎಲೆ ಹಾಸಿ, ಹೆಗಲಿಗೆ ಹಾಕುವ ಹೊಸದೊಂದು ವಲ್ಲಿಯನ್ನೂ ಇಟ್ಟಳು.

"ಇದ್ಯಾರ್ಗವ್ವಾ?" ಎಂದರು ದೊಡ್ಡಮಾವ.

"ಯಾರ್ಗೇನ್ಲಾ? ನಮ್ಮನೇವ್ನಿಗೆ."

ಎಲ್ಲರೂ ಹೊರಗೆ ಬಂದೆವು. ಮಾವ ಮಾತ್ರ ಆ ಎಲೆಯ ಮುಂದಿನಿಂದ ಏಳಲಿಲ್ಲ. ಬದುಕಿದವರು ಒಳಗಿದ್ದರೆ ಸತ್ತವರು ಬರುವುದಿಲ್ಲ ಎನ್ನುತ್ತಾರೆ. ದೊಡ್ಡಮಾವ ಎಬ್ಬಿಸಲು ಹೊರಟರು. ಅಜ್ಜಿ ಅವರ ಕೈ ಹಿಡಿದು ನಿಲ್ಲಿಸಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು.

"ಬುಡ್ಲಾ. ಇಬ್ರೂ ಉಣ್ಲಿ."