ಅಕ್ಕನ ಎಡಗೈ

ಎಲ್ಲಾ ರಗಳೆಗೂ ಮೂಲ ಮೊಬೈಲಿನ ಒಂದು ಕೆಟ್ಟ ಚಟ. ಮುಂದಿನ ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದ ಚಿತ್ರವನ್ನು ಅದು ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಮಾಡಿ ಕೊಡುತ್ತಿತ್ತು. ಕೃತಕ ಕೈಕಾಲು ಮಾಡುವ ಆ ಪುಟ್ಟ ಕಾರ್ಖಾನೆಯ ಎಂಜಿನಿಯರಿಗೆ ಈ ಸಂಗತಿ ಮರೆತೇ ಹೋಗಿತ್ತು.

ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು 'ಕನ್ನಡಿ' ಎಂದೇ. ಕನ್ನಡಿ ಬಿಂಬಗಳಿಂದಲೇ ಲೆಕ್ಕ ಕಟ್ಟುವ ಜ್ಯಾಮಿತೀಯ ಬೀಜಗಣಿತದ ಹುಚ್ಚು ಹಿಡಿದ ಮೇಲೆ ಊಟದ ಹೊತ್ತಿಗೂ ಅವನದು ಅದೇ ಪುರಾಣ. "ನೋಡಿ, ಒಂದು ಸಲ ಕನ್ನಡಿ ಹಿಡಿದ್ರೆ ಬಲಗೈ ಎಡಗೈ ಆಗುತ್ತೆ. ಇನ್ನೊಂದು ಸಲ ಹಿಡಿದ್ರೆ ಮತ್ತೆ ಬಲಗೈಯೇ, ಬರೀ ತಿರುಗಿ ನಿಂತಿರುತ್ತೆ. ಇಡೀ ಲೆಕ್ಕ ಇಷ್ಟೇ!" ಕೇಳಿದವರು ತಲೆಯಾಡಿಸಿ ಕೈತೊಳೆಯಲು ಎದ್ದುಬಿಡುತ್ತಿದ್ದರು.

ಅಂದು ಮಾತ್ರ ಅದು ಹುಚ್ಚಾಟವಾಗಿರಲಿಲ್ಲ. ಯಂತ್ರಕ್ಕೆ ಸಿಕ್ಕಿ ಎಡಗೈ ಕಳೆದುಕೊಂಡ ಅವನ ಅಕ್ಕ ಆಮೇಲೆ ಹೊಸ್ತಿಲು ದಾಟಿದವಳೇ ಅಲ್ಲ. ಸಂಜೆ ಅವಳ ಮಗಳು ಶಾಲೆಯ ವೇದಿಕೆಯಲ್ಲಿ ಮೊದಲ ಸಲ ಹಾಡುವವಳಿದ್ದಳು. "ಕೈ ತಂದುಕೊಡೋ, ಬರ್ತೀನಿ. ಎಲ್ರೂ ಚಪ್ಪಾಳೆ ತಟ್ಟುವಾಗ ಹೆತ್ತವಳು ಸುಮ್ನೆ ಕೂತಿರೋಕಾಗುತ್ತಾ?" ಎಂದಿದ್ದಳು ಅಕ್ಕ. ಅವಳ ಬಲಗೈಯ ಚಿತ್ರಗಳನ್ನು ತೆಗೆದು, ಗಣಿತದ ಕನ್ನಡಿಯಲ್ಲಿ ಹಾಯಿಸಿ, ಎಡಗೈ ಮಾಡಿಕೊಡುತ್ತೇನೆಂದು ತಮ್ಮ ಮಾತು ಕೊಟ್ಟಿದ್ದ.

ಬೆಳಿಗ್ಗೆ ತ್ರೀ-ಡಿ ಅಚ್ಚಿನ ಯಂತ್ರದಿಂದ ಹೊರಬಂದದ್ದು ಬಲಗೈ.

ಮೊಬೈಲು ಒಮ್ಮೆ ಎಡಬಲ ಮಾಡಿತ್ತು, ಇವನೂ ಒಮ್ಮೆ ಮಾಡಿದ್ದ. ಹಣೆ ಚಚ್ಚಿಕೊಂಡು, ಪ್ರೋಗ್ರಾಮಿನಿಂದ ತನ್ನ ಕನ್ನಡಿಯನ್ನು ಕಿತ್ತುಹಾಕಿ ಚಹಾಕ್ಕೆ ಹೋದ. ಪಕ್ಕದ ಮೇಜಿನವನೋ ಕರೆಯದೆ ಸಹಾಯಕ್ಕೆ ಬರುವ ಆಸಾಮಿ. ಅಕ್ಕನ ಕೆಲಸ, ಪಾಪ, ಎಂದುಕೊಂಡು ಅದೇ ಪ್ರೋಗ್ರಾಮಿಗೆ ಎಡಬಲ ತಿರುಗಿಸುವ ಒಂದು ಮೈನಸ್ ಚಿಹ್ನೆ ತುರುಕಿದ. ಮಧ್ಯಾಹ್ನ ಬಂದದ್ದೂ ಬಲಗೈಯೇ!

"ಯಾರ್ರೀ ಇದನ್ನ ಮುಟ್ಟಿದ್ದು?" ಕನ್ನಡಿ ಕೂಗಿದ.

"ನಾನೇ ಸಾರ್. ಒಂದೇ ಒಂದು ಮೈನಸ್ಸು. ಒಳ್ಳೇದಾಗ್ಲಿ ಅಂತ..."

ಮ್ಯಾನೇಜರು ಎದ್ದು ಬಂದು ಎರಡೂ ಕೈಗಳನ್ನು ನೋಡಿದರು. "ಒಬ್ಬ ಮನುಷ್ಯನಿಗೆ ಎಷ್ಟಪ್ಪಾ ಬಲಗೈ?" ಎಂದರು. ಎಲ್ಲರೂ ನಕ್ಕರು. ಕನ್ನಡಿಗೆ ಅಳು ಬಂದಿತ್ತು.

ಮೈನಸ್ಸನ್ನು ತಾನೇ ಅಳಿಸಿದ. ಲೆಕ್ಕವನ್ನು ಮತ್ತೆ ಮತ್ತೆ ನೋಡಿದ. ಯಾರೂ ಹತ್ತಿರ ಸುಳಿಯದ ಹಾಗೆ ಕಾವಿಗೆ ಕೂತ ಕೋಳಿಯಂತೆ ಕಂಪ್ಯೂಟರಿನ ಮುಂದೆಯೇ ಕೂತ. ಸಂಜೆ ಅಚ್ಚಿನ ಯಂತ್ರ ನೋಡಿಕೊಳ್ಳುವ ಹೆಂಗಸು ಕೈಯನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟು ತಂದಳು. ಬಿಚ್ಚಿ ನೋಡಲು ಪುರಸೊತ್ತಿರಲಿಲ್ಲ. ಬಿದ್ದಂಬೀಳ ಬಸ್ಸಿಗೆ ಓಡಿದ.

ಅಕ್ಕ ತಲೆ ಬಾಚಿ, ಚಪ್ಪಲಿ ಮೆಟ್ಟಿ, ಬಾಗಿಲಲ್ಲೇ ನಿಂತಿದ್ದಳು. ಎಷ್ಟೋ ಕಾಲದ ಮೇಲೆ ಅವಳ ಕಾಲಲ್ಲಿ ಚಪ್ಪಲಿ ಕಂಡ ತಮ್ಮ ಡಬ್ಬಿಯನ್ನು ಅವಳತ್ತ ಚಾಚಿದ. ಅವಳು ಡಬ್ಬಿ ತೆರೆದು ಹೊಸ ಕೈಯನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ತನ್ನ ಕೈಯನ್ನಿಟ್ಟಳು. ಎರಡೂ ಹೆಬ್ಬೆರಳು ಒಂದೇ ಕಡೆಗಿದ್ದವು.

ಅಷ್ಟರಲ್ಲಿ ಫೋನು. ಅಚ್ಚಿನ ಯಂತ್ರದ ಹೆಂಗಸು. "ಕೈ ಸರಿಹೋಯ್ತಾ ಸಾರ್? ಎರಡು ಸಲ ತಪ್ಪು ಬಂತಲ್ಲ, ಹೊಟ್ಟೆ ಉರೀತು. ಅದಕ್ಕೆ ಈ ಸಲ ಯಂತ್ರದಲ್ಲಿರೋ ಕನ್ನಡಿ ಬಟನ್ ನಾನೇ ಒತ್ಬಿಟ್ಟೆ. ಒಂದು ಸಲ ಕನ್ನಡಿ ಹಿಡಿದ್ರೆ ಎಡಗೈ ಆಗುತ್ತೆ ಅಂತ ನೀವೇ ಹೇಳಿದ್ರಲ್ವಾ!"

ಅವನ ಪುರಾಣವನ್ನು ಮನಸ್ಸಿಟ್ಟು ಕೇಳಿದವಳು ಇಡೀ ಕಾರ್ಖಾನೆಯಲ್ಲಿ ಅವಳೊಬ್ಬಳೇ.

"ಸರಿಹೋಯ್ತಮ್ಮಾ" ಎಂದು ಫೋನಿಟ್ಟ.

"ಇರೋ ಕೈಯನ್ನೇ ಇನ್ನೊಂದು ತಂದಿದ್ದೀಯಲ್ಲೋ!" ಅಕ್ಕ ನಕ್ಕಳು. ನಗು ನಡುವೆಯೇ ಮುರಿಯಿತು. ಚಪ್ಪಲಿ ಬಿಟ್ಟು, ಕೈಯನ್ನು ಡಬ್ಬಿಗೆ ಹಾಕಿ ಅವನಿಗೆ ಕೊಟ್ಟಳು. "ಹೋಗು, ಮಗು ಕಾಯ್ತಿರುತ್ತೆ. ನನ್ನ ಪಾಲಿಂದೂ ನೀನೇ ತಟ್ಟು."

ಹುಡುಗಿ ಚೆನ್ನಾಗಿಯೇ ಹಾಡಿದಳು. ಮುಗಿಸಿ, ಮಾಮನ ಪಕ್ಕದ ಖಾಲಿ ಕುರ್ಚಿಯನ್ನು ನೋಡಿದಳು. ಸಭೆಯೆಲ್ಲ ಚಪ್ಪಾಳೆ ತಟ್ಟಿತು. ಡಬ್ಬಿಯನ್ನು ಎದೆಗವುಚಿಕೊಂಡು ಕೂತಿದ್ದ ಕನ್ನಡಿಗೆ ತಟ್ಟಲು ಉಳಿದಿದ್ದದ್ದು ಒಂದೇ ಕೈ.