ನಂಬರ್ ಒನ್ ಆದ ನಮ್ಮ ಪ್ಲೇಟು

ನಮ್ಮ ಬ್ಯಾಂಡಿಗೆ ಒಳ್ಳೆಯದಾಗುತ್ತದೆ ಅಂತ ಯಾರಾದರೂ ಬಾಯಿಬಿಟ್ಟರೆ ಸಾಕು, ಆ ವಾರವೇ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತಿತ್ತು. ಎಂಬತ್ತರ ದಶಕದ ಶುರುವಿನಲ್ಲಿ ತಿಪಟೂರಿನ ನಾವು ನಾಲ್ವರು ಸೇರಿ ಪಾಪ್ ಬ್ಯಾಂಡ್ ಕಟ್ಟಿದ್ದೆವು. ನನ್ನದು ಗಿಟಾರು. ಬೆಂಗಳೂರಿಗೆ ಹೋಗಿ ಒಂದೇ ಒಂದು ಹಾಡು ರೆಕಾರ್ಡ್ ಮಾಡಿಸಿ, ಅದರದೊಂದು ಸಣ್ಣ ಗ್ರಾಮಫೋನ್ ಪ್ಲೇಟು ಹೊರಡಿಸಿದೆವು. ಆಮೇಲಿನ ಅವಸ್ಥೆ ನೆನೆದರೆ ನನಗೆ ಈಗಲೂ ಅಳು ಬರುತ್ತದೆ. ಕೇಳಿದವರು ಮಾತ್ರ ಬಿದ್ದು ಬಿದ್ದು ನಗುತ್ತಾರೆ. ನಗಲಿ.

ಅಟ್ಟದ ಕೆಳಗೆ

ನಮ್ಮ ತಾಲೀಮು ನಡೆಯುತ್ತಿದ್ದದ್ದು ನಮ್ಮ ಮನೆಯಲ್ಲೇ, ತೆಂಗಿನಕಾಯಿ ತುಂಬಿದ ಅಟ್ಟದ ಕೆಳಗೆ. ಅಟ್ಟದ ಮೇಲಿನ ಕಾಯಿ ಒಂದು ವರ್ಷ ಅಲುಗದೆ ಕೂತರೆ ಚಿಪ್ಪಿನೊಳಗೇ ಒಣಗಿ ಕೊಬ್ಬರಿಯಾಗುತ್ತದೆ. ಅಪ್ಪ ಅದನ್ನೇ ನನಗೆ ಗಡುವು ಮಾಡಿದ.

"ಈ ಕಾಯಿ ಕೊಬ್ರಿ ಆಗೋ ಹೊತ್ಗೆ ನಿನ್ ಹಾಡು ಮೇಲಕ್ಕೆ ಬಂದ್ರೆ ಸರಿ. ಇಲ್ದಿದ್ರೆ ಗಿಟಾರು ಬುಡು, ತೋಟಕ್ಕೆ ಬಾ."

ಅಮ್ಮನಿಗೆ ನನ್ನ ಮೇಲೆ ಕರುಣೆ. ಒಣಗುವುದು ತಡವಾಗಲಿ ಅಂತ ಅಪ್ಪನಿಗೆ ಗೊತ್ತಾಗದ ಹಾಗೆ ಎಳೆಗಾಯಿಗಳನ್ನೂ ಸೇರಿಸಿ ಅಟ್ಟಕ್ಕೆ ಹಾಕಿಸಿದಳು. ಎಳೆಗಾಯಿ ಕೊಳೆಯದೆ ಇನ್ನೇನಾಗುತ್ತದೆ? ಡ್ರಮ್ಮಿನ ಸದ್ದಿಗೇ ಕಾಯಿ ಕೆಡುತ್ತಿವೆ ಅಂತ ಅಪ್ಪ ತೀರ್ಮಾನ ಮಾಡಿಬಿಟ್ಟ. ಕೊಳೆತದ್ದು ಸಿಕ್ಕಿದಾಗಲೆಲ್ಲ ತಂದು ಡ್ರಮ್ಮಿನವನ ಮುಂದೆ ಇಟ್ಟು ಹೋಗುತ್ತಿದ್ದ. ಆ ಬಡಪಾಯಿ ಆಮೇಲೆ ಡ್ರಮ್ಮಿನ ಮೇಲೆ ಕಂಬಳಿ ಹೊದಿಸಿ ಬಾರಿಸತೊಡಗಿದ.

ಕ್ಷೇಮ ಸಮಾಚಾರ

ರೇಡಿಯೋದಲ್ಲಿ ಭಾನುವಾರ ಮಧ್ಯಾಹ್ನ ಒಂದು ಕಾರ್ಯಕ್ರಮ ಬರುತ್ತಿತ್ತು. ಕೇಳುಗರು ಬರೆದ ಕಾರ್ಡುಗಳನ್ನು ಎಣಿಸಿ ವಾರದ ಹತ್ತು ಹಾಡು ಆರಿಸಿ, ಹತ್ತನೆಯದರಿಂದ ಶುರು ಮಾಡಿ ಮೊದಲನೆಯದನ್ನು ಕೊನೆಗೆ ಹಾಕುತ್ತಿದ್ದರು. ನಾವು ಕಂದಿಕೆರೆ ಕಡೆಯ ನೆಂಟರಿಗೆಲ್ಲ ವಿಳಾಸ ಬರೆದ ಕಾರ್ಡು ಹಂಚಿ, ಹಾಡಿನ ಹೆಸರು ಬರೆದು ಹಾಕಿ ಅಂತ ಕೈಮುಗಿದು ಬಂದೆವು.

ಮೂರು ವಾರ ನಮ್ಮ ಸುಳಿವೇ ಇಲ್ಲ. ನಾಲ್ಕನೆಯ ವಾರ ರೇಡಿಯೋದವರು, ಕಂದಿಕೆರೆ ಕಡೆಯಿಂದ ರಾಶಿ ಕಾಗದ ಬಂದಿವೆ, ನಾವಿಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕಡೆ ಮಳೆಯಾಗಿದ್ದು ತಿಳಿದು ಸಂತೋಷ, ಆದರೆ ಯಾವ ಹಾಡು ಬೇಕು ಅಂತ ಯಾರೂ ಬರೆದಿಲ್ಲ ಅಂದರು. ನಾನು ಸಿಕ್ಕಿದ ಬಸ್ಸು ಹತ್ತಿ ಕಂದಿಕೆರೆಯ ಸೋದರಮಾವನ ಮನೆಗೆ ಓಡಿದೆ.

"ಕ್ಷೇಮ ಬರೆಯೋದ್ರೊಳ್ಗೆ ಕಾರ್ಡೇ ತುಂಬೋಯ್ತು ಕಣಪ್ಪ" ಅಂದ ಮಾವ. "ಕ್ಷೇಮ ಕೇಳ್ದಲೆ ನೆಟ್ಟಗೆ ಹಾಡು ಕೇಳಕಾಯ್ತದಾ? ಒಳ್ಳೇ ಜನ ಬುಡು, ಜವಾಬು ಕೊಟ್ರು."

ಮೊದಲನೇ ಸ್ಥಾನ

ಆಮೇಲೆ ಹಾಡಿನ ಹೆಸರನ್ನು ನಾವೇ ಮೇಲ್ಗಡೆ ಬರೆದು ಕಾರ್ಡು ಕೊಟ್ಟೆವು. ಹಾಡು ಹತ್ತನೆಯದಾಗಿ ಒಳಗೆ ಬಂತು, ಮೆಲ್ಲಗೆ ಹತ್ತಿತು. ಅಟ್ಟದ ಕಾಯಿ ಇಳಿಸಲು ಹದಿನೈದು ದಿನವಿದೆ ಅನ್ನುವಾಗ ಎರಡನೆಯದಾಗಿತ್ತು. ಅಪ್ಪ ಕೊಬ್ಬರಿ ಮಂಡಿಯಲ್ಲಿ ಕಂಡಕಂಡವರಿಗೆ ಅದನ್ನು ಹೇಳಿಕೊಂಡು ಬರುತ್ತಿದ್ದ. ನನಗೂ ಆಸೆ ಹುಟ್ಟಿತು, ಅಲ್ಲೇ ನಾನು ಕೆಟ್ಟೆ.

ಮುಂದಿನ ಭಾನುವಾರ ಕಿಬ್ಬನಹಳ್ಳಿಯಲ್ಲಿ ನೆಂಟರ ಮದುವೆ. ಅಲ್ಲಿಯ ಮೈಕ್‌ಸೆಟ್ಟಿನವನು ನಮ್ಮ ಪ್ಲೇಟನ್ನು ಸುತ್ತಮುತ್ತಲ ಮದುವೆಗಳಲ್ಲೆಲ್ಲ ಹಾಕುತ್ತಿದ್ದ. ಯಾವಾಗ ಹಾಕುತ್ತಿದ್ದ ಅನ್ನುವುದು ಮಾತ್ರ ತಾಲೀಮಿನಲ್ಲೇ ಮುಳುಗಿದ್ದ ನನಗೆ ಗೊತ್ತಿರಲಿಲ್ಲ. ಉಂಡಾದ ಮೇಲೂ ಎಲೆಯ ಮುಂದೆ ಹರಟೆ ಹೊಡೆಯುತ್ತ ಕೂತವರನ್ನು ಎಬ್ಬಿಸಿ ಮುಂದಿನ ಪಂಕ್ತಿಗೆ ಜಾಗ ಮಾಡಲು ಹಾಕುತ್ತಿದ್ದನಂತೆ. ಮೂರು ತಾಲ್ಲೂಕಿನ ಜನಕ್ಕೂ ಅದು ಅಭ್ಯಾಸವಾಗಿಹೋಗಿತ್ತು.

ಇದೊಂದೂ ತಿಳಿಯದ ನಾನು ಅವನನ್ನು ಕಾಡಿಬೇಡಿ ರೇಡಿಯೋವನ್ನು ಮೈಕಿನ ಮುಂದೆ ಇಡಿಸಿದೆ. ಒಬ್ಬಟ್ಟು ಬಡಿಸಿಯಾಗಿತ್ತು, ತುಪ್ಪದವನು ಇನ್ನೂ ಅರ್ಧ ಪಂಕ್ತಿಗೆ ಬಂದಿದ್ದ. ಈ ವಾರದ ಮೊದಲನೇ ಸ್ಥಾನ ಅಂತ ನಮ್ಮ ಹಾಡಿನ ಹೆಸರು ಬಂತು. ಪಂಕ್ತಿಯಲ್ಲಿದ್ದ ಅಪ್ಪ ಬೆನ್ನು ನೆಟ್ಟಗೆ ಮಾಡಿ ಪಕ್ಕದವರ ಮುಖ ನೋಡಿದ. ಹಾಡು ಶುರುವಾಯಿತು. ಇಡೀ ಪಂಕ್ತಿ ಎಲೆ ಮಡಚಿ ಎದ್ದು ಕೈ ತೊಳೆಯಲು ಹೊರಟಿತು.

ಹೆಣ್ಣಿನ ತಂದೆ ಅಡ್ಡಬಂದು ಕೈಮುಗಿದ, ಕಣ್ಣೀರು ಹಾಕಿದ. ಬಿಟ್ಟೆದ್ದ ಎಲೆಗೆ ಮತ್ತೆ ಯಾರು ಕೂರುತ್ತಾರೆ? ಕೂತಿದ್ದವನು ಅಪ್ಪ ಒಬ್ಬನೇ. ಎಲ್ಲರೂ ಎದ್ದ ಮೇಲೆ ತಾನೊಬ್ಬ ತಿನ್ನುವ ಹಾಗೂ ಇರಲಿಲ್ಲ. ಎಲೆಯ ಮೇಲೆ ಕೈಯಿಟ್ಟುಕೊಂಡು, ಖಾಲಿ ಪಂಕ್ತಿಯಲ್ಲಿ, ಹಾಡನ್ನು ಮೊದಲ ಸಲ ಪೂರ್ತಿ ಕೇಳಿದ. ಆಮೇಲೆ ಎದ್ದು ನನ್ನ ಹತ್ತಿರ ಬಂದ.

"ಹಾಡು ಚೆನ್ನಾಗೈತೆ ಕಣ್ಲಾ" ಅಂದ. ನನ್ನ ಕಣ್ಣು ತುಂಬಿತು. "ಆದ್ರೆ ಉಣ್ಣಾಕೆ ಕೂತೋರ್ನ ಎಬ್ಬಿಸೋ ಕಸುಬು ನಮ್ ಮನೆತನಕ್ಕೆ ಬ್ಯಾಡ. ನಾಳೆಯಿಂದ ತೋಟಕ್ಕೆ ಬಾ."