ಗೈಸ್‌ಗಳಲ್ಲೊಬ್ಬ ದಯಾನಂದ

ಮದುವೆಯಾಗಿ ಇಪ್ಪತ್ತಾರು ವರ್ಷವಾದರೂ ನನ್ನ ಹೆಂಡತಿ ಜಯಕ್ಕನ ಬಾಯಲ್ಲಿ ನನ್ನ ಹೆಸರು ಒಮ್ಮೆಯೂ ಬಂದಿಲ್ಲ. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದಂತೆ. (ಉಳಿದ ಮಾತುಗಳಿಂದ ಆಯಸ್ಸಿಗೆ ಯಾವ ತೊಂದರೆಯೂ ಇಲ್ಲವಂತೆ.) ನಾನು ಬರೀ ‘ಏನ್ರೀ’. ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಅವಳು ‘ಏನ್ರೀ’ ಎಂದರೆ ಹದಿನೆಂಟು ಗಂಡಂದಿರು ತಿರುಗಿ ನೋಡುತ್ತಾರೆ.

ಇಂಥವಳು ಕಳೆದ ಯುಗಾದಿಗೆ ಅಡುಗೆಯ ಯೂಟ್ಯೂಬ್ ಚಾನೆಲ್ ಶುರು ಮಾಡಿ, ಒಲೆಯ ಮುಂದೆ ನಿಂತು, “ಹಾಯ್ ಗೈಸ್!” ಎಂದಳು. ನಾನು ದಂಗಾದೆ.

“ಗೈಸ್ ಅಂದ್ರೆ ಗಂಡಸ್ರು ಕಣೇ!”

“ಅದು ನಿಮ್ ಕಾಲಕ್ಕೆ. ಈಗ ಎಲ್ರೂ ಗೈಸೇ. ಮಗಳು ಪ್ರೀತಿ ಹೇಳ್ಕೊಟ್ಟವ್ಳೆ.”

ಎಂಥ ಪದ ಸ್ವಾಮಿ! ನನ್ನ ಎಪ್ಪತ್ತೆಂಟರ ಅವ್ವ ತಿಪ್ಪಮ್ಮ, ಹಾಲಿನವಳು, ಪಡಸಾಲೆಯ ಬೆಕ್ಕು, ಎಲ್ಲರೂ ಅದರೊಳಗೆ ಸೇರಿಬಿಟ್ಟರು. “ಬರ್ರಿ ಗೈಸ್, ಮುದ್ದೆ ಆರ್ತೈತೆ” ಎಂದರೆ ಅವ್ವ ಕೋಲೂರಿಕೊಂಡು ಎದ್ದೇ ಬರುತ್ತಿದ್ದಳು. ಸ್ಕೂಲಿನ ಗುಮಾಸ್ತನಾಗಿ ನಾನು ಬರೆದ ಯಾವ ಇಂಗ್ಲಿಷ್ ಸುತ್ತೋಲೆಗೂ ಒಬ್ಬರೂ ಹೀಗೆ ಎದ್ದು ಬಂದದ್ದಿಲ್ಲ.

ಪ್ರತಿ ಭಾನುವಾರ ಲೈವ್‌ನಲ್ಲಿ ಅವಳು ಕಾಮೆಂಟ್ ಹಾಕಿದವರ ಹೆಸರನ್ನು ಗಟ್ಟಿಯಾಗಿ ಓದುತ್ತಾಳೆ. “ಥ್ಯಾಂಕ್ಯೂ ಹನುಮಂತರಾಜು ಅವ್ರೇ!” ಹಿರಿಯೂರಿನ ಯಾವನೋ ಹನುಮಂತರಾಜುವಿಗೆ ಸಿಗುವ ಭಾಗ್ಯ ತಾಳಿ ಕಟ್ಟಿದವನಿಗೆ ಬೇಡವೇ? ಹೊಟ್ಟೆ ಉರಿಯಿತು. ಸಾಯುವುದರೊಳಗೆ ಒಮ್ಮೆ ಅವಳ ಬಾಯಲ್ಲಿ ‘ದಯಾನಂದ’ ಎಂದು ಕೇಳಿಬಿಡಬೇಕು!

ನಾಡಿನಲ್ಲಿ ದಯಾನಂದರಿಗೇನು ಬರ? ಗುರುತು ಸಿಗಲಾರದೆಂದು ಧೈರ್ಯವಾಗಿ ನನ್ನದೇ ಹೆಸರಿನಲ್ಲಿ ಹೊಸ ಖಾತೆ ತೆರೆದೆ. ಶನಿವಾರ ಹುರುಳಿಕಾಳು ಸಾರಿನ ವಿಡಿಯೋ ಬಂತು. ಅದೇ ಸಾರಿನಲ್ಲಿ ಎರಡು ಮುದ್ದೆ ಉಂಡು, ಕೈ ತೊಳೆದು ಬರೆದೆ: ‘ಸಾರು ಅಮೋಘ ಮೇಡಂ. ಉಪ್ಪು ಮಾತ್ರ ಒಂಚೂರು ಜಾಸ್ತಿ.’

ಭಾನುವಾರ ಮಹಡಿ ಮೇಲೆ ಮೊಬೈಲ್ ಹಿಡಿದು ಕುಳಿತೆ.

“ಥ್ಯಾಂಕ್ಯೂ ಕಾವ್ಯಶ್ರೀ ಅವ್ರೇ. ಥ್ಯಾಂಕ್ಯೂ ಯೋಗೇಶ್ ಅವ್ರೇ...” ಎಂದವಳು ತಡೆದಳು. ಸೆರಗು ಸರಿಮಾಡಿಕೊಂಡಳು. ನನ್ನ ಕಾಮೆಂಟಿದ್ದ ಇನ್ನೊಂದು ಮೊಬೈಲನ್ನು ಕ್ಯಾಮೆರಾಗೆ ಹಿಡಿದಳು.

“ಗೈಸ್, ಇವ್ರ ಹೆಸ್ರು ನಾ ಹೇಳಂಗಿಲ್ಲ, ನೀವೇ ಓದ್ಕಳ್ರಿ. ಮೊಬೈಲ್‌ನಾಗೆ ಸಾರು ನೋಡಿ ಉಪ್ಪು ಜಾಸ್ತಿ ಅನ್ನಾಕೆ ಆಗ್ತೈತಾ? ಆ ಸಾರು ಉಂಡಿರೋ ಗಂಡಸು ಪ್ರಪಂಚದಾಗೆ ಒಬ್ರೇ. ಏನ್ರೀ, ಮಹಡಿ ಇಳಿದು ಬರ್ರಿ! ಗ್ಯಾಸ್ ಖಾಲಿಯಾಗೈತೆ, ಸಿಲಿಂಡರ್ ಬದಲಾಯಿಸ್ರಿ.”

ಇಳಿದೆ. ಬದಲಾಯಿಸಿದೆ. ಅದೂ ಲೈವ್‌ನಲ್ಲಿ ಬಂತು.

ಸೋಮವಾರ ಹೋಟೆಲಿನಲ್ಲಿ, ತಾಳ್ಯದ ಬಸ್ಸಿನಲ್ಲಿ, ಕೊನೆಗೆ ಸ್ಕೂಲಿನಲ್ಲೂ ಒಂದೇ ಪ್ರಶ್ನೆ: “ದಯಾನಂದಣ್ಣಾ, ಸಿಲಿಂಡರ್ ಸರಿಯಾಗಿ ಕುಂತೈತಾ?” ಇಡೀ ತಾಲ್ಲೂಕಿನ ಬಾಯಲ್ಲಿ ನನ್ನ ಹೆಸರು, ಅವಳದೊಂದನ್ನು ಬಿಟ್ಟು!

ಮನೆಗೆ ಬಂದಾಗ “ಬರ್ರಿ ಗೈಸ್” ಎಂದಳು. ಬೆಕ್ಕಿನ ಹಿಂದೆ ನಾನೂ ಹೋಗಿ ಕುಳಿತೆ. ಸಾರಿನಲ್ಲಿ ಉಪ್ಪೇ ಇರಲಿಲ್ಲ. ತುಟಿಪಿಟಕ್ಕೆನ್ನದೆ ಉಂಡೆ.